ಬಂಟ್ವಾಳದವರ ಪಾಲಿನ ಊರು

ವಾಮದಪದವು
೧೯-೫-೧೯೮೧

ಮಗಳೇ ಶಂಕರಿ,

ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದುವರಿಯುವುದು ಕ್ರಮ. ಈ ಸಲ ಆ ಸಾಲು ಬರೆಯಲು ಕೈ ಬರುತ್ತಿಲ್ಲ. ನನ್ನ ಮೈಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ತುಂಬಿದ ಬಸುರಿ ಗಾಬರಿಯಾಗಬಾರದು. ಕೊನೆಯ ಪುಟದವರೆಗೆ ಆಸೆಯಿಂದ ಓದಿಸಿ ಅಲ್ಲಿ ಕೈಕೊಡುವುದಕ್ಕಿಂತ ಈಗಲೇ ಹೇಳಿಬಿಡುತ್ತೇನೆ. ನಾನು ಬರುವುದಿಲ್ಲ. ಸಂಘದವರು ನಾಳೆ ಹೊರಡುತ್ತಾರೆ, ನಿನ್ನ ಹ್ಯಾಂಬರ್ಗಿಗೂ ಬರುತ್ತಾರೆ. ಅವರ ಜೊತೆ ನಾನಿಲ್ಲ. ನೀನು ಆ ಹೊಟ್ಟೆ ಹೊತ್ತುಕೊಂಡು ಸ್ಟೇಷನ್ನಿಗೆ ಬಂದು ನಿಲ್ಲಬೇಡ.

ಅಜ್ಜಿ ಬರುತ್ತಾಳೆ ಎಂದು ನಫೀಸಾಳಿಗೆ ಹೇಳಿಟ್ಟಿದ್ದೇನೆ, ದಿನಾ ಕಿಟಕಿಯಲ್ಲಿ ನಿಂತು ನೋಡುತ್ತಾಳೆ ಎಂದು ನೀನು ಬರೆದಿದ್ದೆ. ಮಕ್ಕಳಿಗೆ ಇಂಥದ್ದನ್ನು ಮುಂಚೆ ಹೇಳಬಾರದು ಎಂದು ತಿಳಿಸಿಕೊಡಲು ನಾನು ನಿನ್ನ ಹತ್ತಿರ ಇರಲಿಲ್ಲವಲ್ಲ. ಈಗ ಏನಾದರೂ ಕೊಟ್ಟು ಮರೆಸು.

ಈ ಕಾಗದವನ್ನು ಹಸೈನಾರ್ ಬ್ಯಾರಿಗಳ ಕೈಯಲ್ಲಿ ಕೊಡುತ್ತೇನೆ. ನಿನ್ನ ಗಂಡನ ಸೋದರಮಾವನ ಪರಿಚಯವನ್ನು ನಾನು ನಿನಗೆ ಮಾಡಿಕೊಡಬೇಕಾಗಿಲ್ಲ. ಆದರೆ ಅವರು ನಮಗಾಗಿ ಏನು ಬಿಟ್ಟುಕೊಟ್ಟರು ಎಂಬುದು ನಿನಗೆ ಗೊತ್ತಿಲ್ಲ. ನಿನ್ನ ಊರಿನ ಹೆಸರು ಸಂಘದವರ ಪ್ರವಾಸದ ಪಟ್ಟಿಗೆ ಸೇರಿದ್ದು ಹೇಗೆ ಎಂಬುದನ್ನು ನಾನು ಪೂರ್ತಿ ಬರೆದಿರಲಿಲ್ಲ. ಎದುರು ಕೂತು ಹೇಳಬೇಕು, ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಗಬೇಕು ಎಂದು ಇಟ್ಟುಕೊಂಡಿದ್ದೆ. ಇನ್ನು ಇಟ್ಟುಕೊಂಡು ಮಾಡುವುದೇನು, ಬರೆದುಬಿಡುತ್ತೇನೆ. ನಗು ಬಂದರೆ ನಗು.

ನೀನು ಇದ್ದಾಗ ಇಲ್ಲಿ ಎಲ್ಲರೂ ಹುರುಪಿನಲ್ಲಿ ಕೊಕ್ಕೋ ನೆಟ್ಟದ್ದು ನೆನಪಿರಬಹುದು. ಕೊಳ್ಳುತ್ತಿದ್ದ ಕಂಪೆನಿಯವರು ಹೋದ ವರ್ಷ ಬೀಜ ಬೇಡ ಎಂದರು. ಕಾಯಿ ಗಿಡದಲ್ಲೇ ಕಪ್ಪಾಗಿ ಕೊಳೆಯಿತು, ಅಳಿಲಿಗೆ ಹಬ್ಬವಾಯಿತು. ಹಲವರು ಕತ್ತಿ ತಂದು ಕಡಿದೇ ಬಿಟ್ಟರು. ಕಡಿಯದೆ ಉಳಿದವರೆಲ್ಲ ಸೇರಿ ಬೆಳೆಗಾರರ ಸಂಘ ಕಟ್ಟಿದರು. ಬೆಳ್ತಂಗಡಿಯ ಕೇಶವಪ್ರಸಾದರು ಅಧ್ಯಕ್ಷರು, ನಿನ್ನ ಅಪ್ಪ ಕಾರ್ಯದರ್ಶಿ, ಬೀಜ ಕೊಳ್ಳುವ ವ್ಯಾಪಾರಿ ಎಂದು ಹಸೈನಾರ್ ಬ್ಯಾರಿಗಳೂ ಸದಸ್ಯರು. ನಮ್ಮ ಬೀಜ ಯಾರಿಗೂ ಯಾಕೆ ಬೇಡ, ಚಾಕಲೇಟು ಮಾಡುವವರ ದೇಶಕ್ಕೇ ಹೋಗಿ ನೋಡಿ ಬರುವ ಎಂದು ಅಧ್ಯಕ್ಷರು ಎಲ್ಲರನ್ನೂ ಹೊರಡಿಸಿದರು. ಒಂಬತ್ತು ದಿನ, ಮೂರೇ ಊರು, ಹೆಂಡತಿಯರೂ ಬರಬಹುದು ಎಂದಾಯಿತು.

ಯಾವ ಮೂರು ಊರು ಎಂದು ತೀರ್ಮಾನಿಸಲು ಫೆಬ್ರವರಿಯಲ್ಲಿ ನಮ್ಮ ಚಾವಡಿಯಲ್ಲೇ ಸಭೆ ಕೂಡಿದರು. ಕೊಕ್ಕೋಗಾಗಿ ಹೋಗುವವರ ಸಭೆಯಲ್ಲಿ ಎರಡು ಸಲ ಕಾಫಿ ಆದರೂ ಕೊಕ್ಕೋದ ಹೆಸರು ಬರಲಿಲ್ಲ. ಒಬ್ಬರಿಗೆ ಹಿಮ ನೋಡಬೇಕು, ಇನ್ನೊಬ್ಬರಿಗೆ ಗಡಿಯಾರ ಕೊಳ್ಳಬೇಕು, ಮತ್ತೊಬ್ಬರಿಗೆ ಮೊಸರನ್ನ ಸಿಗುವ ಊರೇ ಆಗಬೇಕು. ಮೂಡಬಿದ್ರೆಯವರು ಪ್ಯಾರಿಸ್ಸಿನ ಗೋಪುರ ನೋಡದೆ ಯುರೋಪಿಗೆ ಹೋದ ಹಾಗೆಯೇ ಅಲ್ಲ ಎಂದರು. ಸಾವಿರ ಕಂಬದ ಬಸದಿಯ ಪಕ್ಕದಲ್ಲಿ ಹುಟ್ಟಿ ಬೆಳೆದವರಿಗೆ ಒಂದೇ ಒಂದು ಕಬ್ಬಿಣದ ಕಂಬದ ಮೇಲೆ ಅಷ್ಟು ಆಸೆ. ಜಗಳ ಏರುತ್ತಾ ಹೋದಾಗ ಅಧ್ಯಕ್ಷರು ಪಂಚಾಯಿತಿಕೆ ಮಾಡಿದರು. ಬೆಳ್ತಂಗಡಿಯವರಿಗೊಂದು, ಮೂಡಬಿದ್ರೆಯವರಿಗೊಂದು, ನಮ್ಮ ಬಂಟ್ವಾಳದವರಿಗೊಂದು ಊರು. ಅವರವರ ಪಾಲಿನ ಊರನ್ನು ಅವರವರು ಹೇಳುವುದು, ಉಳಿದವರು ಬಾಯಿ ಹಾಕುವ ಹಾಗಿಲ್ಲ. ಯುರೋಪನ್ನು ಮನೆಯ ಪಾತ್ರೆ ಹಂಚಿಕೊಂಡ ಹಾಗೆ ಹಂಚಿಕೊಂಡರು. ಬೆಳ್ತಂಗಡಿಗೆ ಜೂರಿಕ್, ಮೂಡಬಿದ್ರೆಗೆ ಪ್ಯಾರಿಸ್.

ಅಷ್ಟರಲ್ಲಿ ಯಾರೋ ಭೂಪಟ ಬೇಕು ಎಂದರು. ನಮ್ಮಲ್ಲಿರುವುದು ಒಂದೇ ಭೂಪಟದ ಪುಸ್ತಕ, ನೀನು ಹೈಸ್ಕೂಲಿನಲ್ಲಿ ಓದಿದ್ದು. ಅಟ್ಟದಲ್ಲಿ ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ. ನಿನ್ನ ಅಪ್ಪ ಎದ್ದು ಹೋಗಿ ಹುಡುಕದೆಯೇ ತಂದರು. ರಟ್ಟಿನ ಮೇಲೆ ನಿನ್ನ ಹೆಸರು, ತರಗತಿ, ಸುತ್ತಲೂ ನೀನು ಬರೆದ ಹೂವಿನ ಬಳ್ಳಿ. ನೀನು ಸಮದನ ಜೊತೆ ಹೋದ ಮೇಲೆ ಏಳು ವರ್ಷ ಅವರ ಬಾಯಲ್ಲಿ ನಿನ್ನ ಹೆಸರು ಬಂದಿಲ್ಲ, ಅವರೆದುರು ನನ್ನ ಬಾಯಲ್ಲೂ ಬಂದಿಲ್ಲ. ಅವರು ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ಹೆಸರಿನ ಮೇಲೆ ಅಂಗೈ ಊರಿ ಕೂತರು. ಬೇಕಾದವರು ಕೇಳಿದಾಗ ರಟ್ಟನ್ನು ಅಡಿ ಮಾಡಿ, ಹೆಸರು ಕಾಣದ ಹಾಗೆ ಪುಟ ತೆರೆದು ತೋರಿಸಿದರು.

ಬಂಟ್ವಾಳದವರ ಪಾಲಿಗೆ ಲಂಡನ್ ಎಂಬುದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಹಸೈನಾರ್ ಬ್ಯಾರಿಗಳು ಎಳವೆಯಲ್ಲಿ ಪೇಟೆಯ ಅಂಗಡಿಯ ರೇಡಿಯೋದಲ್ಲಿ ಲಂಡನ್ನಿನ ಗಡಿಯಾರದ ಗಂಟೆ ಕೇಳಿದವರು. ಸಾಯುವ ಮೊದಲು ಆ ಗಂಟೆಯನ್ನು ನಿಜವಾಗಿ ಕಿವಿಯಿಂದ ಕೇಳಬೇಕು ಎಂದು ಕಂಡಕಂಡವರಲ್ಲಿ ಹೇಳುತ್ತಿದ್ದರು. ಸಂಘದವರೆಲ್ಲ ಅದನ್ನೇ ಹಿಡಿದು ಅವರನ್ನು ತಮಾಷೆ ಮಾಡುತ್ತಿದ್ದರು.

ನಾನು ಅವರಲ್ಲಿ ಏನೂ ಕೇಳಿಲ್ಲ, ದೇವರಾಣೆ. ನಿನ್ನ ಅತ್ತೆ ಬೀಯಮ್ಮನ ಹತ್ತಿರ ಒಂದು ಮಾತು ಆಡಿದ್ದು ಹೌದು. ನಿನ್ನ ಕಾಗದ ಅವರ ಮನೆಗೆ ಬಂದರೆ ನಾನು ಹೋಗುವವರೆಗೆ ಅವರು ಒಡೆಯುವುದಿಲ್ಲ, ಅವರಿಗೆ ಓದಲು ಬರುವುದಿಲ್ಲ, ಬೇರೆಯವರಿಂದ ಓದಿಸುವುದು ಅವರಿಗೆ ಸರಿಬರುವುದಿಲ್ಲ. ಕನ್ನಡಕದ ನೆಪವೋ ದೇವಸ್ಥಾನದ ನೆಪವೋ ಮಾಡಿಕೊಂಡು ನಾನು ಬಂಟ್ವಾಳ ಪೇಟೆಗೆ ಹೋಗುವುದು, ಇಬ್ಬರೂ ಒಳಗಿನ ಕೋಣೆಯಲ್ಲಿ ಕೂರುವುದು, ನಾನು ಓದುವುದು, ಇಬ್ಬರೂ ಅಳುವುದು. ಮೊದಮೊದಲು ಅವರು ನಿನ್ನನ್ನು ಜುಲೈಕಾ ಎಂದಾಗ ಯಾರ ವಿಷಯ ಎಂದು ನನಗೆ ಹೊಳೆಯುತ್ತಿರಲಿಲ್ಲ. ಈಗ ಅವರು ಜುಲೈಕಾ ಎನ್ನುತ್ತಾರೆ, ನಾನು ಶಂಕರಿ ಎನ್ನುತ್ತೇನೆ, ಮಾತು ಎಲ್ಲಿಯೂ ತಪ್ಪುವುದಿಲ್ಲ. ನೀನು ಎರಡನೆಯದಕ್ಕೆ ಬಸುರಿ ಎಂಬ ಕಾಗದ ಓದಿದ ದಿನ ನಾನು ಹೇಳಿದ್ದು ಇಷ್ಟೇ, ಸಂಘದವರು ಮೂರು ಊರಿಗೆ ಹೋಗುತ್ತಾರಂತೆ, ಅದರಲ್ಲಿ ಶಂಕರಿಯ ಊರು ಇರಲಿಕ್ಕಿಲ್ಲ. ಬೀಯಮ್ಮ ಅದನ್ನು ಒಡಹುಟ್ಟಿದ ಬ್ಯಾರಿಗಳ ಕಿವಿಗೆ ಹಾಕಿರಬೇಕು.

ಸಭೆಯಲ್ಲಿ ಬಂಟ್ವಾಳದವರ ಸರದಿ ಬಂದಾಗ ಎಲ್ಲರೂ ನಗುತ್ತಾ ಹಸೈನಾರ್ ಬ್ಯಾರಿಗಳ ಮುಖ ನೋಡಿದರು. ಅವರು ಗಂಟಲು ಸರಿ ಮಾಡಿಕೊಂಡು, “ಲಂಡನಿನಲ್ಲಿ ಎಂತ ಉಂಟು ಮಾರಾಯ್ರೆ? ಮಳೆ, ಮೋಡ. ಅದು ನಮ್ಮಲ್ಲೇ ಬೇಕಾದಷ್ಟು ಉಂಟು. ಹ್ಯಾಂಬರ್ಗಿಗೆ ಹೋಗುವ. ಆಫ್ರಿಕಾದ ಕೊಕ್ಕೋ ಹಡಗಿನಿಂದ ಇಳಿಯುವುದೇ ಅಲ್ಲಿ. ಬೀಜ ಕತ್ತರಿಸಿ ಒಳಗಿನ ಬಣ್ಣ ನೋಡ್ತಾರಂತೆ. ನಮ್ಮ ಬೀಜದಲ್ಲಿ ಎಂತ ದೋಷ ಅಂತ ಅಲ್ಲಿಯವರೇ ಹೇಳಿಯಾರು” ಎಂದರು. ಅಲ್ಲಿಗೆ ಆ ದಿನ ಮೊದಲ ಸಲ ಕೊಕ್ಕೋದ ಮಾತು ಬಂದದ್ದು.

ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಒಬ್ಬರೂ ಕೇಳಲಿಲ್ಲ. ಆ ಬಂದರಿನಲ್ಲಿ ಹಡಗಿನ ಯಂತ್ರ ರಿಪೇರಿ ಮಾಡುವ ಸಮದ್ ಯಾರ ಅಳಿಯ ಎಂದು ಚಾವಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಬಾಗಿಲ ಹಿಂದೆ ಕಾಫಿಯ ತಟ್ಟೆ ಹಿಡಿದು ನಿಂತಿದ್ದೆ, ಲೋಟಗಳು ಒಂದಕ್ಕೊಂದು ತಾಗಿ ಸದ್ದಾಗುತ್ತದೆ ಎಂದು ಉಸಿರೂ ಬಿಡಲಿಲ್ಲ. ನಿನ್ನ ಅಪ್ಪನೂ ಹಸೈನಾರ್ ಬ್ಯಾರಿಗಳೂ ಏಳು ವರ್ಷದಿಂದ ಕೊಕ್ಕೋ ಬಿಟ್ಟು ಬೇರೆ ಒಂದು ಅಕ್ಷರ ಮಾತಾಡಿದವರಲ್ಲ. ಬಂಟ್ವಾಳದ ಪಾಲಿನಲ್ಲಿ ಅವರಿಬ್ಬರದೂ ಸಮಪಾಲು, ಒಬ್ಬರು ಬೇಡ ಎಂದರೆ ಮುಗಿಯಿತು. ನಿನ್ನ ಅಪ್ಪ ಕೊನೆಗೆ, “ಅದು ಎಷ್ಟನೇ ಪುಟದಲ್ಲಿ ಬರ್ತದೆ?” ಎಂದು ಕೇಳಿದರು. ಪುಟ ತೆರೆದು ನೋಡಿದರು. ಆಮೇಲೆ ಸಂಘದ ಪುಸ್ತಕದಲ್ಲಿ ಪ್ಯಾರಿಸ್, ಜೂರಿಕ್, ಹ್ಯಾಂಬರ್ಗ್ ಎಂದು ತಮ್ಮ ಗುಂಡಗಿನ ಅಕ್ಷರದಲ್ಲಿ ಬರೆದರು.

ಆ ಕಾಫಿಗೆ ನಾನು ಸಕ್ಕರೆ ಹಾಕಿರಲಿಲ್ಲ. ಯಾರೂ ಹೇಳದೆ ಕುಡಿದು ಹೋದರು.

ಅವರು ಬೇಡ ಎನ್ನಲಿಲ್ಲ, ಆದ್ದರಿಂದ ಬೇಕು ಎಂದೇ ಅರ್ಥ ಎಂದು ತಿಳಿದೆ. ಮೂವತ್ತು ವರ್ಷ ಸಂಸಾರ ಮಾಡಿಯೂ ಇಷ್ಟು ದಡ್ಡತನ. ಕೇಶವಪ್ರಸಾದರ ಹೆಂಡತಿ ಬಂದು ಪಾಸ್‌ಪೋರ್ಟಿಗೆ ಏನು ಮಾಡಿದ್ದೀರಿ ಎಂದು ಕೇಳಿದಾಗ ನಾನು ಹೆಮ್ಮೆಯಿಂದ ನಮ್ಮದು ಹಳೆಯದೇ ಉಂಟು ಎಂದೆ. ನಿನಗೆ ನೆನಪಿದೆಯಲ್ಲ, ನೈರೋಬಿಯಲ್ಲಿ ಶಾಲೆಯ ಮಾಸ್ತರನಾಗಿದ್ದ ನಿನ್ನ ಚಿಕ್ಕಪ್ಪ ಕರೆಯುತ್ತಿದ್ದಾನೆ, ಹೋಗಿ ಬರುವ ಎಂದು ನಾವಿಬ್ಬರೂ ಮಂಗಳೂರಿಗೆ ಹೋಗಿ ಫೋಟೋ ತೆಗೆಸಿಕೊಂಡದ್ದು. ಅರ್ಜಿ ತುಂಬಿಸುವವನು ಯಜಮಾನರ ಪಾಸ್‌ಪೋರ್ಟಿನಲ್ಲೇ ಹೆಂಡತಿಯ ಫೋಟೋ ಅಂಟಿಸಿದರೂ ನಡೆಯುತ್ತದೆ, ಬೇಕಾದರೆ ಬೇರೆಯೇ ಮಾಡಿಸಬಹುದು, ನಿಮಗೆ ಯಾವುದು ಎಂದು ಕೇಳಿದ. ಹಾಗೆ ಅಂಟಿಸಿದರೆ ಗಂಡನ ಜೊತೆಗೆ ಮಾತ್ರ ಹೋಗಲು ಆಗುವುದು ಎಂದೂ ಅವನೇ ಹೇಳಿದ್ದ. ನಾನು ನಕ್ಕುಬಿಟ್ಟೆ. ಇವರನ್ನು ಬಿಟ್ಟು ನಾನು ಒಬ್ಬಳೇ ಎಲ್ಲಿಗೆ ಹೋಗುವವಳು ಎಂದೆ. ಅವನೂ ನಕ್ಕ, ನಿನ್ನ ಅಪ್ಪನೂ ನಕ್ಕರು. ಆ ವರ್ಷವೇ ನೀನು ಹೋದೆ. ನೈರೋಬಿ ಅಲ್ಲಿಗೇ ನಿಂತಿತು. ಪಾಸ್‌ಪೋರ್ಟು ಕಬ್ಬಿಣದ ಪೆಟ್ಟಿಗೆ ಸೇರಿತು, ಅವರ ಫೋಟೋದ ಪಕ್ಕದ ಪುಟದಲ್ಲಿ ನಾನು ನಗುತ್ತಾ ಕೂತೇ ಇದ್ದೆ.

ಮಾರ್ಚಿನಿಂದ ನನ್ನ ಸಂಭ್ರಮ ಹೇಳಿ ಪ್ರಯೋಜನವಿಲ್ಲ. ಚಳಿ ದೇಶಕ್ಕೆ ಬೂಟ್ಸೇ ಬೇಕೆಂದು ಒಂದು ಜೊತೆ ತಂದು, ಕಾಲುಚೀಲ ಹಾಕಿ ಒಳಗಿನ ಕೋಣೆಯಲ್ಲೇ ನಡೆದು ಅಭ್ಯಾಸ ಮಾಡಿದೆ. ಮೊದಲ ದಿನ ಹೊಸ್ತಿಲಿಗೆ ಎಡವಿ ಬಿದ್ದೆ. ನಿನ್ನ ಅಪ್ಪ ಪೇಪರಿನ ಹಿಂದಿನಿಂದ ನೋಡಿ, “ಅಲ್ಲಿ ಹೊಸ್ತಿಲು ಇರ್ಲಿಕ್ಕಿಲ್ಲ” ಎಂದರು. ತಮಾಷೆ ಮಾಡಿದರು ಎಂದರೆ ಮನಸ್ಸಿದೆ ಎಂದೇ ಅಲ್ಲವೇ? ನಾನು ಹಾಗೆ ತಿಳಿದೆ.

ಮನೆಯನ್ನೂ ಅಚ್ಚುಕಟ್ಟು ಮಾಡತೊಡಗಿದೆ. ಮಳೆಗಾಲದ ಮುಂಚೆ ಹೇಗೂ ಎಲ್ಲ ಆಗಬೇಕಷ್ಟೆ. ಹಲಸಿನ ಹಪ್ಪಳ ಒಣಗಿಸಿ ಡಬ್ಬಿ ತುಂಬಿದೆ. ಹಲಸಿನ ಬೀಜದ ಸಾಂತಾಣಿ, ಹುಳಿ, ಮೆಣಸು, ಸೌದೆ, ಯಾವುದೂ ಬಾಕಿ ಇಡಲಿಲ್ಲ. ಮಾವಿನ ಮಿಡಿ ಈ ಸಲ ಬೆಳುವಾಯಿ ಕಡೆಯಿಂದ ಒಳ್ಳೆಯದು ಸಿಕ್ಕಿತು, ದೊಡ್ಡ ಭರಣಿಗಳಲ್ಲಿ ಉಪ್ಪಿಗೆ ಹಾಕಿದೆ. ನಿನ್ನ ಅಪ್ಪನಿಗೆ ಅನ್ನ ಮಾಡುವುದನ್ನು ಕಲಿಸಿದೆ. ಬೂದಿ ತೆಗೆಯದೆ ಒಲೆ ಹೊತ್ತಿಸಲು ಹೋಗುವ ಮನುಷ್ಯ, ಪಾಪ, ಶಾಲೆಯ ಮಕ್ಕಳ ಹಾಗೆ ಎದುರು ಕೂತು ಕಲಿತರು. ಗಂಜಿ, ತಂಬುಳಿ, ಒಂದು ಸಾರು. ಎರಡು ಸಲ ತಳ ಹಿಡಿಸಿ ಮೂರನೆಯ ಸಲ ಚೆನ್ನಾಗಿಯೇ ಮಾಡಿದರು. ಅವರೂ ನನ್ನ ಜೊತೆಗೇ ಹೊರಡುವವರು, ಅವರಿಗೆ ಅಡುಗೆ ಯಾಕೆ ಕಲಿಸುತ್ತಿದ್ದೇನೆ ಎಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಏಪ್ರಿಲ್ ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ ಹೊಸ ಮಿಡಿಯನ್ನು ಬಡಿಸಿದೆ. ಕಚ್ಚಿ ನೋಡಿ, “ಈ ಸಲ ಉಪ್ಪು ಜಾಸ್ತಿ ಆಗಿದೆ” ಎಂದರು. ಆಗಿರಬಹುದು ಎಂದೆ. ಇನ್ನೊಂದು ತುಂಡು ಕಚ್ಚಿದರು. “ಎಷ್ಟು ವರ್ಷಕ್ಕೆ ಹಾಕಿದ್ದು?” ಎಂದು ಕೇಳಿದರು. ಒಳ್ಳೆ ಮಿಡಿ ಪ್ರತಿ ವರ್ಷ ಸಿಗುತ್ತದೆಯೇ, ಉಳಿದರೆ ಉಳಿಯಲಿ ಎಂದೆ. ಮಜ್ಜಿಗೆ ಹಾಕಿಸಿಕೊಂಡು ಉಂಡು ಎದ್ದರು. ಉಪ್ಪಿನಕಾಯಿ ಎಲೆಯ ಬದಿಯಲ್ಲಿ ಹಾಗೆಯೇ ಉಳಿದಿತ್ತು.

ಆಮೇಲಿನ ವಾರ ಸಂಘದ ಕೆಲಸ ಎಂದು ಬೆಂಗಳೂರಿಗೆ ಹೋದರು. ಹೋದವರು ಒಂದು ದಿನ ಹೆಚ್ಚೇ ನಿಂತು ಬಂದರು. ಬಂದು ಸ್ನಾನಕ್ಕೆ ಹೋಗುವ ಮೊದಲು ಪಾಸ್‌ಪೋರ್ಟನ್ನು ಮೇಜಿನ ಮೇಲೆ ತೆರೆದಿಟ್ಟು ಹೋದರು. ನಾನು ನೋಡಬೇಕು ಎಂದೇ ಇಟ್ಟದ್ದು. ನನ್ನ ಫೋಟೋದ ಮೇಲೆ ಎರಡು ಗೆರೆ ಎಳೆದು, ಕೆಳಗೆ ಮೊಹರು ಒತ್ತಿ ಸಹಿ ಹಾಕಿದ್ದರು. ಕೆಂಪು ಶಾಯಿ. ಗೆರೆ ನನ್ನ ಹಣೆಯಿಂದ ಗಲ್ಲದವರೆಗೆ ಹೋಗಿದೆ. ಅದರಡಿಯಲ್ಲಿ ನಾನು ಇನ್ನೂ ನಗುತ್ತಲೇ ಇದ್ದೇನೆ.

ಯಾಕೆ ಎಂದು ಕೇಳಿದೆ. ಅವರು ಏನೂ ಹೇಳಲಿಲ್ಲ. ಶಂಕರಿಗೆ ದಿನ ತುಂಬುತ್ತಾ ಬಂದಿದೆ ಎಂದೆ. ಏಳು ವರ್ಷದ ಮೇಲೆ ಅವರೆದುರು ನಿನ್ನ ಹೆಸರು ಹೇಳಿದ್ದು ಅದೇ ಮೊದಲು, ನನಗೆ ನನ್ನ ಸ್ವರವೇ ಬೇರೆಯವರದ್ದೆನಿಸಿತು. ಮೊದಲನೆಯ ಬಾಣಂತನ ಮಾಡಲಿಲ್ಲ, ಇದನ್ನಾದರೂ ಮಾಡುವುದು ಬೇಡವೇ ಎಂದೆ. ಅವರು ಹೆಗಲ ಮೇಲಿನ ಬೈರಾಸನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. “ನಾನೂ ಆ ಊರಿಗೆ ಹೋಗುವುದಿಲ್ಲ. ಜೂರಿಕ್‌ನಿಂದಲೇ ಹಿಂದೆ ಬರ್ತೇನೆ” ಎಂದರು. ನನಗೆ ಇಲ್ಲದ್ದು ತಮಗೂ ಬೇಡ, ಇಬ್ಬರಿಗೂ ಸಮ ಆಯಿತು ಎಂಬ ಹಾಗೆ ಹೇಳಿದರು. ಕೊಕ್ಕೋ ನೋಡಲಿಕ್ಕೆ ಇರುವುದು ಆ ಒಂದೇ ಊರು, ಸಂಘದ ಕಾರ್ಯದರ್ಶಿ ಆ ಊರೊಂದನ್ನು ಬಿಟ್ಟು ಗೋಪುರವನ್ನೂ ಹಿಮವನ್ನೂ ನೋಡಿ ಬರುತ್ತಾರೆ. ನನಗೆ ಸಿಟ್ಟು ಬಂತು. ಪಾತ್ರೆಯೊಂದನ್ನು ನೆಲಕ್ಕೆ ಕುಕ್ಕಿದೆ. ಪಾತ್ರೆಗೆ ಏನೂ ಆಗಲಿಲ್ಲ, ಅವರಿಗೂ ಏನೂ ಆಗಲಿಲ್ಲ.

ಬೇರೆ ಪಾಸ್‌ಪೋರ್ಟು ಮಾಡಿಸುವುದಕ್ಕೆ ಈಗ ಸಮಯವಿಲ್ಲ. ಇದ್ದರೂ ಅರ್ಜಿಗೆ ಗಂಡನ ಸಹಿ ಬೇಕಂತೆ, ಹಸೈನಾರ್ ಬ್ಯಾರಿಗಳು ವಿಚಾರಿಸಿ ಹೇಳಿದರು. ಅವರು ಆ ಮಾತು ಹೇಳುವಾಗ ತಲೆ ಎತ್ತಲಿಲ್ಲ. ಲಂಡನ್ನಿನ ಗಂಟೆಯನ್ನು ಬಿಟ್ಟುಕೊಟ್ಟ ಮನುಷ್ಯ, ಬಿಟ್ಟುಕೊಟ್ಟದ್ದಕ್ಕೆ ಏನೂ ಸಿಗಲಿಲ್ಲ. ಅವರಿಗೆ ನೀನು ಏನಾದರೂ ಒಳ್ಳೆಯದು ಮಾಡಿ ಬಡಿಸು. ಸಾಧ್ಯವಾದರೆ ನಿಮ್ಮ ಊರಿನಲ್ಲಿ ಯಾವುದಾದರೂ ದೊಡ್ಡ ಗಡಿಯಾರ ಇದ್ದರೆ ಅದರ ಗಂಟೆ ಹೊಡೆಯುವ ಹೊತ್ತಿಗೆ ಸಮದ್ ಅವರನ್ನು ಕರೆದುಕೊಂಡು ಹೋಗಲಿ.

ಬೀಯಮ್ಮನಿಗೆ ಹೇಳಲು ಹೋದೆ. ಅವರ ಮನೆಯಲ್ಲಿ ನಾನು ಏನೂ ತೆಗೆದುಕೊಳ್ಳುವುದಿಲ್ಲ ಎಂದು ಇಷ್ಟು ವರ್ಷವೂ ಹೋದ ಕೂಡಲೇ ಎಳನೀರಿನ ಬೊಂಡ ಕೆತ್ತಿಸಿ ಕೊಡುತ್ತಿದ್ದರು. ಬೊಂಡಕ್ಕೆ ಮೈಲಿಗೆ ಇಲ್ಲವಲ್ಲ, ನನ್ನ ಮಡಿಯನ್ನು ನನಗಿಂತ ಅವರೇ ಹೆಚ್ಚು ಜೋಪಾನ ಮಾಡಿದರು. ಈ ಸಲವೂ ಯಾರನ್ನೋ ಕರೆದು ಕತ್ತಿ ತಾ ಎಂದರು. ಬೊಂಡ ಬೇಡ, ಚಾ ಮಾಡಿ ಎಂದೆ. ಅವರು ನನ್ನ ಮುಖ ನೋಡಿದರು. “ಅಕ್ಕಾ, ನೀವು ಹೋಗುವುದಿಲ್ವಾ?” ಎಂದು ಕೇಳಿದರು. ಚಾ ಕೇಳಿದ್ದರಿಂದಲೇ ಅವರಿಗೆ ತಿಳಿಯಿತು. ಇನ್ನು ಮಡಿ ಉಳಿಸಿಕೊಂಡು ನಾನು ಯಾರಿಗೆ ತೋರಿಸಬೇಕು? ಏಲಕ್ಕಿ ಹಾಕಿದ ಚಾ, ಸಕ್ಕರೆ ಹೆಚ್ಚು. ಒಂದೇ ಚಾಪೆಯಲ್ಲಿ ಕೂತು ಕುಡಿದೆವು, ಓದಲು ಆ ದಿನ ನಿನ್ನ ಕಾಗದ ಯಾವುದೂ ಇರಲಿಲ್ಲ.

ಇನ್ನು ಬಾಣಂತನದ ಮಾತು. ಕಾಗದದಲ್ಲಿ ಬಾಣಂತನ ಮಾಡಿದ ತಾಯಿ ನಾನೊಬ್ಬಳೇ ಇರಬೇಕು. ನಫೀಸಾ ಹುಟ್ಟಿದ ಮರುದಿನವೇ ನಿನಗೆ ಆಸ್ಪತ್ರೆಯಲ್ಲಿ ತಣ್ಣನೆಯ ರೊಟ್ಟಿಯೂ ಐಸ್‌ಕ್ರೀಮೂ ಕೊಟ್ಟರು ಎಂದು ನೀನು ಬರೆದಿದ್ದೆ, ಅದನ್ನು ಓದಿ ನಾನೂ ಬೀಯಮ್ಮನೂ ಎದೆ ಬಡಿದುಕೊಂಡಿದ್ದೆವು. ಈ ಸಲ ಐಸ್‌ಕ್ರೀಮು ಮುಟ್ಟಬೇಡ. ಹಸೈನಾರ್ ಬ್ಯಾರಿಗಳ ಕೈಯಲ್ಲಿ ಕೊಡುವ ಡಬ್ಬಿಯಲ್ಲಿ ಜೀರಿಗೆ ಲೇಹ್ಯ ಇದೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ನೆಲ್ಲಿಕಾಯಿಯಷ್ಟು ತೆಗೆದುಕೋ. ಒಳ್ಳೆಮೆಣಸಿನ ಕಾಳಿನ ಪುಡಿಯನ್ನು ಬಿಸಿ ಅನ್ನಕ್ಕೆ ತುಪ್ಪದ ಜೊತೆ. ಸೊಂಟಕ್ಕೆ ಕಟ್ಟಲು ನನ್ನ ಹಳೆಯ ಹತ್ತಿ ಸೀರೆ ಹರಿದು ಇಟ್ಟಿದ್ದೇನೆ, ನೀನು ಹುಟ್ಟಿದಾಗ ನನಗೆ ಕಟ್ಟಿದ್ದೂ ಅಂಥದ್ದೇ.

ಮಗುವನ್ನು ಆ ಬಿಳಿ ತೊಟ್ಟಿಯಲ್ಲಿ ಮುಳುಗಿಸಬೇಡ. ನೆಲದಲ್ಲಿ ಮಣೆ ಹಾಕಿ ಕೂತು ಕಾಲು ಚಾಚಿ, ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ಮೀಯಿಸಬೇಕು. ನೀರು ಹೊಯ್ಯುವಾಗ ಅಂಗೈಯನ್ನು ಹಣೆಗೆ ಅಡ್ಡ ಹಿಡಿ, ಕಣ್ಣಿಗೆ ಹೋಗುವುದಿಲ್ಲ. ಹೆತ್ತವಳು ತಾನೇ ಕೂತು ಮೀಯಿಸುವುದು ಎಲ್ಲಿಯೂ ಇಲ್ಲ, ನಿನ್ನ ಸೊಂಟ ಹೋದೀತು. ಆದರೆ ಬೇರೆ ಯಾರು ಮಾಡುತ್ತಾರೆ? ಸಮದನಿಗೇ ಕಲಿಸು. ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ ಎಂದು ನೀನೇ ಬರೆದಿದ್ದೆ, ಅದೊಂದು ಸುಖ. ನಾನು ನಿನ್ನೆ ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕೂತು ನೋಡಿದೆ. ನನ್ನ ಕಾಲು ಇನ್ನೂ ಗಟ್ಟಿ ಇದೆ ಶಂಕರಿ. ಮಗುವಿನ ಭಾರ ತಡೆಯುತ್ತಿತ್ತು.

ಮೂರು ಊರಿನವರು ಬರುತ್ತಾರೆ. ನಿನ್ನ ಊರಿನ ರಸ್ತೆ, ಬಂದರು, ನೀನು ತರಕಾರಿ ಕೊಳ್ಳುವ ಅಂಗಡಿ, ಎಲ್ಲವನ್ನೂ ಮೂಡಬಿದ್ರೆಯವರು ನೋಡುತ್ತಾರೆ, ಬೆಳ್ತಂಗಡಿಯವರು ನೋಡುತ್ತಾರೆ. ಬಂದು ನಮ್ಮ ಚಾವಡಿಯಲ್ಲೇ ಕೂತು ವರ್ಣಿಸುತ್ತಾರೆ. ನಾನು ಕಾಫಿ ಕೊಡುತ್ತೇನೆ. ನಾನು ಆಸೆಪಟ್ಟದ್ದರಿಂದ ಪಟ್ಟಿಗೆ ಬಂದ ಊರನ್ನು ನೋಡದೆ ಉಳಿಯುವವರು ನಾವಿಬ್ಬರೇ, ನಿನ್ನ ಅಪ್ಪ ಮತ್ತು ನಾನು.

ಅವರಲ್ಲಿ ಯಾರಾದರೂ ನಿನ್ನನ್ನು ನೋಡಲು ಬಂದರೆ ಮುಖ ಮುರಿಯಬೇಡ. ಯಾರೂ ಬಾರದಿದ್ದರೂ ಹಸೈನಾರ್ ಬ್ಯಾರಿಗಳು ಬಂದೇ ಬರುತ್ತಾರೆ. ಅವರ ಕಣ್ಣಿಗೆ ನೀನು ತೆಳ್ಳಗಾಗಿ ಕಂಡರೆ ಬೀಯಮ್ಮನಲ್ಲಿ ಹೇಳುತ್ತಾರೆ, ಅವರು ನನ್ನಲ್ಲಿ ಹೇಳುತ್ತಾರೆ, ಆದ್ದರಿಂದ ಆ ದಿನ ಚೆನ್ನಾಗಿ ತಲೆ ಬಾಚಿಕೊಂಡು ಇರು. ಹೆತ್ತ ಕೂಡಲೇ ತಂತಿ ಕೊಡಿಸು. ಬೀಯಮ್ಮನ ವಿಳಾಸಕ್ಕೆ ಕೊಡಿಸು, ಇಲ್ಲಿಗೆ ಬೇಡ.

ಎಷ್ಟು ಬರೆದರೂ ಕಾಗದವೇ ತಾನೆ. ಸಾಕು.

ನಿನ್ನನ್ನು ಹೆತ್ತ, ಬೇರೆ ಏನೂ ಮಾಡಲಾಗದ,
ಅಮ್ಮ
ಪರಮೇಶ್ವರಿ

ತಾ. ಕ.: ಹಸೈನಾರ್ ಬ್ಯಾರಿಗಳು ಗೇಟಿನ ಹತ್ತಿರ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಫೋಟೋಕ್ಕೆ ಗೆರೆ ಹಾಕಿಸಿದ್ದು ಯಾಕೆ ಎಂದು ಕೇಳಿದಾಗ ನಿನ್ನ ಅಪ್ಪ ಏನೂ ಹೇಳಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಅದು ನಿಜವಲ್ಲ. ಅವರು ಹೇಳಿದರು. “ಒಂಬತ್ತು ದಿನಕ್ಕೆ ಹೋಗುವವಳು ಮಿಡಿಗೆ ಎರಡು ವರ್ಷದ ಉಪ್ಪು ಹಾಕುವುದಿಲ್ಲ. ಗಂಡನಿಗೆ ಅನ್ನ ಮಾಡ್ಲಿಕ್ಕೆ ಕಲಿಸುವುದಿಲ್ಲ. ನೀನು ಅಲ್ಲಿಂದ ಬರುವವಳಲ್ಲ. ಮಗಳು ಹೋದಳು, ನೀನೂ ಹೋದರೆ ನಾನು ಈ ಮನೆಯಲ್ಲಿ ಎಂತ ಮಾಡುವುದು?” ಎಂದರು. ಮಗಳು ಎಂದರು, ಶಂಕರಿ. ಏಳು ವರ್ಷದಲ್ಲಿ ಮೊದಲ ಸಲ. ನಾನು ಹಾಗಲ್ಲ ಎನ್ನಬೇಕಾಗಿತ್ತು. ಹಾಗಲ್ಲ ಎಂದಿದ್ದರೆ ಗೆರೆ ಅಳಿಸಿ ಕೊಡುತ್ತಿದ್ದರೋ ಏನೋ. ಬಾಯಿ ತೆರೆದೆ, ಸುಳ್ಳು ಬರಲಿಲ್ಲ. ಬಾಣಂತನ ಮುಗಿಸಿ ಬರುವುದು ಎಂದೇ ನಾನೂ ತಿಳಿದುಕೊಂಡಿದ್ದೆ ಮಗಾ, ಆದರೆ ಮಿಡಿಗೆ ಉಪ್ಪು ಹಾಕುವಾಗ ಕೈ ತಾನಾಗಿಯೇ ಒಂದು ಹಿಡಿ, ಮತ್ತೊಂದು ಹಿಡಿ ಹಾಕುತ್ತಾ ಹೋಯಿತು, ನಾನು ತಡೆಯಲಿಲ್ಲ. ಒಂದು ಸಣ್ಣ ಭರಣಿ ನಿನಗೂ ಕಳುಹಿಸಿದ್ದೇನೆ. ತಿನ್ನುವ ಮೊದಲು ಎರಡು ಸಲ ತೊಳೆದುಕೋ. ಉಳಿದದ್ದನ್ನು ನಾವಿಬ್ಬರು ಎರಡು ವರ್ಷ ಇಲ್ಲಿಯೇ ಕೂತು ತಿನ್ನುತ್ತೇವೆ.